ಬೇಸಿಗೆ ರಜೆ, ಗುಂಗುರು ತಲೆ ಮತ್ತು ನಾನು

ಮುಂಬಯಿಯ ಬೇಸಿಗೆಯಲ್ಲಿ ಗುಂಗುರು ಕೂದಲಿನ ಮಗುವಿನ ತಲೆ ಬಾಚುವ ಕೆಲಸ ಒಮ್ಮೆ ಕೈಗೆ ಅಂಟಿಕೊಂಡಿತೆಂದರೆ ಫಜೀತಿಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಹಾಲಿನವನಿಗಿಂತ ಮೊದಲು ಅವೇ ಬಂದು ಬೆಲ್ ಒತ್ತುತ್ತವೆ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಆಂಟಾಪ್ ಹಿಲ್‌ಗೆ ಬಂದವಳು ಇಲ್ಲೇ ಮುದುಕಿಯಾದೆ. ಯಜಮಾನರು ಹೋಟೆಲ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಈಗ ಪೇಪರಿನ ಹಿಂದೆ ವಾಸ. ಮಗ, ಮರಾಠಿ ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಉಳಿದವಳು ಮೊಮ್ಮಗಳು, ಏಳು ವರ್ಷ. ಅವಳ ತಲೆಯ ಮೇಲಿರುವುದನ್ನು ಕೂದಲು ಎನ್ನುವುದು ಬರೀ ಮರ್ಯಾದೆಗೆ. ಬಾಚಣಿಗೆ ಒಳಗೆ ಹೋದರೆ ಹೊರಗೆ ಬರುವ ಭರವಸೆ ಇಲ್ಲ.

ಹೋದ ಬೇಸಿಗೆಯಲ್ಲಿ ಸೆಕೆ, ಬೆವರು, ಕುತ್ತಿಗೆ ತುಂಬ ಬೆವರುಗುಳ್ಳೆ ಎಂದು ಸೊಸೆ ಅವಳನ್ನು ಪಾರ್ಲರಿಗೆ ಕರೆದುಕೊಂಡು ಹೋಗಿ ಬಾಯ್ ಕಟ್ ಮಾಡಿಸಿದಳು. ಬಿಲ್ಡಿಂಗಿನ ಮಕ್ಕಳು ಗಂಡುಹುಡುಗನನ್ನು ಕರೆಯುವ ಹಾಗೆ "ಏ ಛೋಟೂ" ಎಂದು ಕೂಗತೊಡಗಿದರು. ಮಗು ತಲೆಗೆ ಟವೆಲ್ ಸುತ್ತಿಕೊಂಡು ಆಡಲು ಹೋಯಿತು. "ಬೆಳೀತದೆ ಮಗಾ, ಕೂದಲು ತಾನೆ" ಎಂದು ನಾನು ಸಮಾಧಾನ ಹೇಳಿದೆ. ಅವಳು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ನಿಮ್ದು ಕಟ್ ಮಾಡಿದ್ರೆ ಗೊತ್ತಾಗ್ತದೆ" ಎಂದಳು.

ಈ ಸಲ ರಜೆ ಶುರುವಾಗುತ್ತಲೇ ಸೊಸೆ ಮತ್ತೆ ಪಾರ್ಲರಿನ ಮಾತೆತ್ತಿದಳು. ಮಗು ಬಂದು ನನ್ನ ಸೆರಗು ಹಿಡಿದುಕೊಂಡು ನಿಂತಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಈ ರಜೆ ಅವಳ ತಲೆ ನನ್ನ ಕೈಗೆ ಬಿಡು. ಗಂಟಾಗದ ಹಾಗೆ, ಸೆಕೆಯಾಗದ ಹಾಗೆ ಕಟ್ಟಿ ತೋರಿಸ್ತೇನೆ" ಎಂದುಬಿಟ್ಟೆ.

"ಠೀಕ್ ಆಹೆ ಆಯಿ," ಎಂದಳು ಸೊಸೆ. ಅವಳ ಕನ್ನಡ ನನ್ನ ಮರಾಠಿಯಷ್ಟೇ ಚಂದ. "ಸ್ಕೂಲ್ ಶುರು ಆಗೋ ಮೊದಲಿನ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಹಾಕಿ ಇಡ್ತೇನೆ. ನೀವು ಗೆದ್ರೆ ಕ್ಯಾನ್ಸಲ್."

"ಕ್ಯಾನ್ಸಲ್ ಮಾಡ್ಬೇಡ, ಬೇಕಾಗ್ತದೆ" ಎಂದಿತು ಪೇಪರು.

ಎರಡು ಜಡೆ

ಊರಿನಿಂದ ಬಂದ ತೆಂಗಿನೆಣ್ಣೆ ಮನೆಯಲ್ಲಿರುವಾಗ ನನಗೇನು ಭಯ? ಮೊದಲ ದಿನವೇ ತಲೆಗೆ ಧಾರಾಳವಾಗಿ ಎಣ್ಣೆ ಹೊಯ್ದು, ಮಗುವಿನ ಹುಬ್ಬು ಮೇಲೇರುವಷ್ಟು ಎಳೆದು, ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದೆ. ನಮ್ಮ ಊರಿನಲ್ಲಿ ಹೀಗೆ ಹಾಕಿದ ಜಡೆ ಸಂಜೆಯ ದೀಪ ಹಚ್ಚುವವರೆಗೂ ಅಲುಗಾಡುತ್ತಿರಲಿಲ್ಲ.

"ಅಜ್ಜೀ, ಕಣ್ಣು ಮುಚ್ಚೋಕೆ ಆಗ್ತಾ ಇಲ್ಲ" ಎಂದಿತು ಮಗು.

"ಮುಚ್ಚುವುದು ಯಾಕೆ? ಹಗಲು ಹೊತ್ತು. ಹೋಗು, ಆಡು."

ಇಲ್ಲಿಯ ಸೆಕೆಗೆ ಎಣ್ಣೆ ತಲೆಯಲ್ಲಿ ನಿಲ್ಲಲಿಲ್ಲ. ಕುತ್ತಿಗೆಗೆ ಇಳಿಯಿತು, ಫ್ರಾಕಿಗೆ ಇಳಿಯಿತು, ಸೊಸೆಯ ಹೊಸ ಸೋಫಾ ಕವರಿನ ಮೇಲೆ ದೋಸೆಯಷ್ಟು ಅಗಲಕ್ಕೆ ಕುಳಿತಿತು. ಎಣ್ಣೆ ಇಳಿದ ಹಾಗೆ ಜಡೆಗಳು ಮೇಲೇಳತೊಡಗಿದವು. ಮಧ್ಯಾಹ್ನದ ಊಟದ ಹೊತ್ತಿಗೆ ಕಿವಿಯ ಎರಡೂ ಪಕ್ಕ ಅರ್ಧ ವರ್ತುಲವಾಗಿ ಬಾಗಿ, ತುದಿ ವಾಪಸು ತಲೆಗೇ ಮುಟ್ಟಿತ್ತು.

ಯಜಮಾನರು ಪೇಪರು ಇಳಿಸಿ ಮಗುವನ್ನು ಎರಡೂ ಕಡೆಯಿಂದ ಪರೀಕ್ಷಿಸಿದರು.

"ಬಾಣಲೆ ತಯಾರಾಯ್ತು. ಎರಡು ಹಿಡಿಕೆ ಉಂಟು, ಎಣ್ಣೆ ಉಂಟು. ಇನ್ನು ಗೋಳಿಬಜೆ ಬಿಡುವುದೊಂದೇ ಬಾಕಿ."

ಫೋನಿನ ಹೆಂಗಸು

ಸೋಫಾ ಕವರು ಒಗೆದು ಒಣಗಿದ ಮೇಲೆ ಸೊಸೆ ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಗುಂಗುರು ಕೂದಲಿನ ಮಕ್ಕಳಿಗೆ ಬೇಸಿಗೆಯಲ್ಲಿ ಸುಲಭವಾಗಿ ತಲೆ ಕಟ್ಟುವ ಬಗೆಯಂತೆ. ಹಿಂದಿಯಲ್ಲಿತ್ತು. ಅದರಲ್ಲಿದ್ದ ಮಗು ಚೌತಿಯ ಗಣಪತಿಯ ಹಾಗೆ ಕೂತಲ್ಲೇ ಕೂತಿತ್ತು. ನಮ್ಮದಕ್ಕೆ ಒಮ್ಮೆ ನೀರು ಬೇಕು, ಒಮ್ಮೆ ಸೌತೆಕಾಯಿ ಬೇಕು, ಒಮ್ಮೆ ಗೋಡೆಯ ಹಲ್ಲಿಗೆ ಯಾಕೆ ಕೂದಲಿಲ್ಲ ಎಂದು ತಿಳಿಯಬೇಕು.

ಅದರ ಹಿಂದೆ ಓಡಿ ಓಡಿ ಬೆವರಿಗೆ ನನ್ನ ಕನ್ನಡಕ ಜಾರುತ್ತಿತ್ತು. ತೆಗೆದಿಟ್ಟೆ. ಫೋನನ್ನು ಬೆನ್ನ ಹಿಂದಿನ ಸ್ಟೂಲಿನ ಮೇಲೆ ಇಟ್ಟು, ಬರೀ ಕೇಳಿಕೊಂಡು ಮಾಡೋಣ ಎಂದುಕೊಂಡೆ. ಒಂದು ವಿಡಿಯೋ ಮುಗಿದರೆ ಫೋನು ತನ್ನಷ್ಟಕ್ಕೆ ಇನ್ನೊಂದನ್ನು ಶುರುಮಾಡುತ್ತದೆ ಎಂದು ನನಗೆ ಯಾರು ಹೇಳಿದ್ದರು?

"ಮೊದಲು ಚೆನ್ನಾಗಿ ತೊಳೆಯಿರಿ" ಎಂದಳು ಹೆಂಗಸು. ತೊಳೆದೆ. "ಒಣಬಟ್ಟೆಯಿಂದ ಒರೆಸಿ, ನೀರಿನ ಪಸೆ ಇರಬಾರದು." ಒರೆಸಿದೆ. "ನಾಲ್ಕು ಭಾಗ ಮಾಡಿ." ಬೈತಲೆ ತೆಗೆದು ನಾಲ್ಕು ಭಾಗ ಮಾಡಿದೆ. "ಈಗ ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ."

ಮಗುವನ್ನು ಗ್ಯಾಲರಿಯ ಬಿಸಿಲಿನಲ್ಲಿ ಕೂರಿಸಿದೆ.

"ಅಜ್ಜೀ, ಗರಮ್ ಆಗ್ತಾ ಇದೆ!"

"ಸುಮ್ನೆ ಕೂತ್ಕೋ. ಫೋನಿನ ಆಂಟಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತುಂಟಾ?"

"ಈಗ ಉಪ್ಪು, ಅರಿಶಿನ ಹಾಕಿ ಚೆನ್ನಾಗಿ ಸವರಿ" ಎಂದಳು ಆಂಟಿ. ನಮ್ಮಲ್ಲಿ ತಲೆಗೆ ಮೆಂತೆ ಹಾಕುತ್ತಾರೆ, ಮೊಸರು ಹಾಕುತ್ತಾರೆ, ದಾಸವಾಳದ ಸೊಪ್ಪು ಅರೆದು ಹಾಕುತ್ತಾರೆ. ಉಪ್ಪೂ ಇರಬಹುದು ಎಂದು ಡಬ್ಬ ತರಲು ಒಳಗೆ ಹೋದೆ. ವಾಪಸು ಬರುವಾಗ ಮಗು ಫೋನಿನ ಮುಂದೆ ನಿಂತಿತ್ತು.

"ಅಜ್ಜೀ! ಯೇ ತೋ ಆಮ್ ಕಾ ಅಚಾರ್ ಹೈ!"

ಪರದೆಯ ತುಂಬ ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಹೋಳು. ಅವಳು ಸ್ವಲ್ಪ ತಡವಾಗಿ ನೋಡಿದ್ದರೆ ಸಂಜೆ ಸೊಸೆ ಮನೆಗೆ ಬರುವಷ್ಟರಲ್ಲಿ ಮಗಳು ಭರಣಿಯೊಳಗೆ ಇರುತ್ತಿದ್ದಳು.

ಡೊಂಬಿವಲಿ ಸ್ಲೋ

ಡೊಂಬಿವಲಿಯಲ್ಲಿ ನನ್ನ ನಾದಿನಿಯ ಮನೆ. ಮಗುವಿನ ತಲೆಯನ್ನು ಹೇಗೋ ಒಂದು ಗಂಟಿಗೆ ತಂದು, ದಾದರಿನಲ್ಲಿ ಸ್ಲೋ ಲೋಕಲ್ ಹತ್ತಿದೆವು. ಹತ್ತುವ ಗಲಾಟೆಯಲ್ಲಿ ರಬ್ಬರ್ ಬ್ಯಾಂಡ್ ಯಾರದೋ ಬ್ಯಾಗಿನ ಜೊತೆ ಹೊರಟುಹೋಯಿತು. ಲೇಡೀಸ್ ಡಬ್ಬಿಯ ಅರ್ಧ ಗಾಳಿಯನ್ನು ನಮ್ಮ ಮಗುವಿನ ಕೂದಲೇ ತಡೆದು ನಿಂತಿತು. ಬಾಚಣಿಗೆ ಹಾಕಿದೆ. ಹಿಡಿ ನನ್ನ ಕೈಯಲ್ಲಿ ಉಳಿಯಿತು, ಹಲ್ಲು ತಲೆಯಲ್ಲಿ ಉಳಿಯಿತು.

ಎದುರಿಗೆ ಮೇಥಿ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು ಸೊಪ್ಪನ್ನು ಬದಿಗಿಟ್ಟಳು. "ಆಜಿ, ಇಕಡೆ ದ್ಯಾ." ಇಲ್ಲಿ ಕೊಡಿ ಎಂದು ಮಗುವನ್ನು ಎಳೆದು ಮೊಣಕಾಲ ನಡುವೆ ನಿಲ್ಲಿಸಿ, ಬಾಚಣಿಗೆಯ ಹಲ್ಲನ್ನು ಕಿತ್ತು ತೆಗೆದು, ಬಲಗಡೆಗೆ ಹಗ್ಗದಂಥ ಜಡೆ ಹಾಕಿದಳು.

ಪಕ್ಕದ ಗುಜರಾತಿ ಹೆಂಗಸಿಗೆ ನೋಡಲಾಗಲಿಲ್ಲ. "ಇಷ್ಟು ಬಿಗಿಯಾ! ಮಗುವಿಗೆ ತಲೆನೋವು ಬರ್ತದೆ" ಎಂದು ಹಿಂದಿಯಲ್ಲಿ ಬೈದು, ಎಡಗಡೆಯದನ್ನು ತನ್ನ ಪಾಲಿಗೆ ತೆಗೆದುಕೊಂಡು ಸಡಿಲವಾಗಿ ಹೊಸೆಯತೊಡಗಿದಳು. ನಿಂತಿದ್ದ ತಮಿಳು ಹೆಂಗಸು, ಗುಂಗುರು ಕೂದಲನ್ನು ಕೆಳಗೆ ಬಿಡಲೇಬಾರದು ಎಂದು ನೆತ್ತಿಯ ಭಾಗಕ್ಕೆ ಕೈಹಾಕಿದಳು. ಮೂವರಿಗೂ ಒಂದೊಂದು ಅಭಿಪ್ರಾಯ, ಮಗುವಿಗೆ ಒಂದೇ ತಲೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಡೊಂಬಿವಲಿಯಲ್ಲಿ ಇಳಿಯುವಾಗ ಬಲಗಡೆ ಹಗ್ಗ, ಎಡಗಡೆ ಅರ್ಧ ಹೊಸೆದ ಬತ್ತಿ, ನೆತ್ತಿಯ ಮೇಲೊಂದು ಕಾರಂಜಿ, ನಡುನಡುವೆ ಮೇಥಿ ಎಲೆ.

ನಾದಿನಿ ಬಾಗಿಲು ತೆಗೆದವಳು ನಮ್ಮನ್ನು ಒಳಗೆ ಕರೆಯುವುದನ್ನೇ ಮರೆತಳು. "ಅತ್ತಿಗೆ, ಇದು ಯಾರು ಮಾಡಿದ್ದು ಮಾರಾಯ್ರೆ?"

"ಯಾರನ್ನು ಹೇಳಲಿ? ಒಬ್ಬಳು ಘಾಟ್‌ಕೋಪರಿನಲ್ಲಿ ಇಳಿದಳು, ಒಬ್ಬಳು ಮುಲುಂಡಿನಲ್ಲಿ, ಒಬ್ಬಳು ಠಾಣೆಯಲ್ಲಿ."

ಮೊಗ್ಗಿನ ಜಡೆ

ರಜೆ ಮುಗಿಯುತ್ತ ಬಂತು. ಸೊಸೆ ಫೋನು ತೆಗೆದು ಶನಿವಾರದ ಅಪಾಯಿಂಟ್‌ಮೆಂಟ್ ಇದೆಯೋ ಎಂದು ನೋಡಿಕೊಂಡಳು, ಅಷ್ಟೆ. ಮಗು ಆಗಲೇ ಕಪಾಟಿನಿಂದ ಟವೆಲ್ ಆರಿಸಿ ಇಟ್ಟುಕೊಂಡಿತ್ತು.

ಹೋಗುವ ಕೂದಲು ಮರ್ಯಾದೆಯಿಂದಲಾದರೂ ಹೋಗಲಿ, ಒಮ್ಮೆ ಮೊಗ್ಗಿನ ಜಡೆ ಹಾಕಿಬಿಡೋಣ ಎಂದುಕೊಂಡೆ. ನಮ್ಮಲ್ಲಿ ಮಲ್ಲಿಗೆಯ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ಹಾಕಿ, ಜಡೆ ಕಾಣುವ ಹಾಗೆ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸುವುದು ಪದ್ಧತಿ. ಹೆಣ್ಣಿಲ್ಲದವರು ಗಂಡುಮಗುವಿಗೇ ಚೌರಿ ಸೇರಿಸಿ ಹಾಕಿ ಆಸೆ ತೀರಿಸಿಕೊಳ್ಳುತ್ತಿದ್ದರು. ನನ್ನ ಮಗನ ಅಂಥ ಫೋಟೋ ಗೋಡೆಯಲ್ಲೇ ಇತ್ತು. ಅವನ ಮದುವೆಯ ವಾರ ಅದು ಕಾಣೆಯಾಯಿತು, ಇವತ್ತಿನವರೆಗೂ ಸಿಕ್ಕಿಲ್ಲ.

ಶುಕ್ರವಾರ ಬೆಳಿಗ್ಗೆ ದಾದರಿನ ಹೂವಿನ ಮಾರ್ಕೆಟಿಗೆ ಹೋಗಿ ಮೊಗ್ಗು ತಂದೆ. ಸರಿಯಾದ ಕ್ರಮವೆಂದರೆ ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದು, ಆ ಪಟ್ಟೆಯನ್ನು ಜಡೆಗೆ ಕಟ್ಟುವುದು. ಬಾಳೆಪಟ್ಟೆ ತರಲು ಮರೆತಿದ್ದೆ. ಇರಲಿ ಎಂದು ನೇರವಾಗಿ ಜಡೆಗೇ ಹೊಲಿದೆ. ದಾರ ಕಾಣಬಾರದೆಂದು ಕಪ್ಪು ದಾರ.

ಚಂದವೆಂದರೆ ಏನು ಚಂದ! ಗುಂಗುರು ಕೂದಲಿನಲ್ಲಿ ಮೊಗ್ಗು ಒಂದೂ ಜಾರಲಿಲ್ಲ. ಮಗು ಎರಡು ಕನ್ನಡಿ ಹಿಡಿದು ತನ್ನ ಬೆನ್ನನ್ನೇ ನೋಡಿಕೊಂಡು ಮನೆಯಿಡೀ ತಿರುಗಿತು. ಮಲಗುವಾಗಲೂ ಬೋರಲಾಗಿ ಮಲಗಿತು.

ಶನಿವಾರ ಬೆಳಿಗ್ಗೆ ಹೂವೆಲ್ಲ ಬಾಡಿ ಕಂದಾಗಿತ್ತು. ಬಿಚ್ಚಲು ಕೂತೆ. ದಾರ ಎಲ್ಲಿ? ಕಪ್ಪು ಗುಂಗುರಿನೊಳಗೆ ಕಪ್ಪು ದಾರ. ಯಾವುದು ಕೂದಲು, ಯಾವುದು ದಾರ, ದೇವರಿಗೂ ತಿಳಿಯದು. ಎಳೆದರೆ ಮಗು ಕಿರುಚುತ್ತದೆ, ಬಿಟ್ಟರೆ ಇನ್ನಷ್ಟು ಸುತ್ತಿಕೊಳ್ಳುತ್ತದೆ. ಬೆನ್ನು ನೋವು, ಕಣ್ಣು ಉರಿ, ಬೆವರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕತ್ತರಿ ಎತ್ತಿಕೊಂಡೆ.

"ಸಾಕು! ಕತ್ತರಿಸಿ ಬಿಸಾಡುವ. ಹೇಗೂ ಪಾರ್ಲರಿಗೆ ಹೋಗುವುದಲ್ವಾ!"

"ಆಯಿ!" ಸೊಸೆ ಅಡಿಗೆಮನೆಯಿಂದ ಓಡಿಬಂದು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡಳು. "ಖಬರ್‌ದಾರ್! ಒಂದು ಕೂದಲು ಕಟ್ ಆಗಬಾರದು!"

ಯಾರು ಹೇಳುವ ಮಾತನ್ನು ಯಾರು ಹೇಳಿದರು ನೋಡಿ. ಅವಳೇ ಚಾಪೆಯ ಮೇಲೆ ಕೂತು, ಮಗುವಿನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೈ ಒದ್ದೆ ಮಾಡಿಕೊಂಡು, ಒಂದೊಂದೇ ಗುಂಗುರನ್ನು ಬೆರಳಿನಿಂದ ಬಿಡಿಸಿ, ದಾರ ಹುಡುಕಿ, ಬಿಟ್ಟಳು. ಬಿಟ್ಟದ್ದು ಸ್ಪ್ರಿಂಗಿನ ಹಾಗೆ ಮೇಲೆ ಹಾರಿತು. ಇನ್ನೊಂದು ಬಿಡಿಸಿದಳು, ಅದೂ ಹಾರಿತು. ಸೊಸೆಗೆ ನಗು ಬಂತು. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಎಳೆದು ಕಟ್ಟುವುದು ಬಿಟ್ಟರೆ ಆ ತಲೆಯ ಜೊತೆ ಅವಳು ಎಂದೂ ಇಷ್ಟು ಹೊತ್ತು ಕೂತವಳೇ ಅಲ್ಲ.

"ಕಿತೀ ಗೋಡ್" ಎಂದಳು ತನ್ನಷ್ಟಕ್ಕೆ. ಎಷ್ಟು ಮುದ್ದಾಗಿದೆ ಎಂದು.

"ಅಮ್ಮಾ, ದುಖ್ತಾ ಇಲ್ಲ" ಎಂದಿತು ಮಗು, ನೋವಾಗದ್ದನ್ನು ನಂಬಲಾಗದ ಹಾಗೆ. ಆಮೇಲೆ ಎದ್ದು ಕೂತು, ಒದ್ದೆ ಕೂದಲನ್ನೆಲ್ಲ ಎರಡೂ ಕೈಯಿಂದ ನೆತ್ತಿಗೆ ಎತ್ತಿ, ಒಂದು ಬಟ್ಟೆಯ ಬ್ಯಾಂಡ್ ಹಾಕಿಕೊಂಡಿತು. ಕುತ್ತಿಗೆ ಖಾಲಿ, ಮೇಲೆ ಅನಾನಸಿನ ಜುಟ್ಟು. ಬಾಚಣಿಗೆ ಇಲ್ಲ, ಎಣ್ಣೆ ಇಲ್ಲ, ಆಂಟಿ ಇಲ್ಲ. ಇಡೀ ರಜೆ ನಾನು ಒದ್ದಾಡಿದ್ದು ಇದಕ್ಕಾ?

ಆಗ ಪಾರ್ಲರಿನಿಂದ ಫೋನ್ ಬಂತು: ಬರ್ತಾ ಇದ್ದೀರಾ? ಮಗಳ ಜುಟ್ಟು ನೋಡುತ್ತ ಕೂತ ಸೊಸೆ ಕ್ಯಾನ್ಸಲ್ ಮಾಡಲು ಮರೆತಿದ್ದಳು.

"ಅಜ್ಜಿ ಹೋಗ್ಲಿ!" ಎಂದಿತು ಮಗು.

ನನ್ನ ನಿಂಬೆಹಣ್ಣಿನಷ್ಟು ತುರುಬು ಆ ಗಲಾಟೆಯಲ್ಲಿ ಬಿಚ್ಚಿ, ಬೆವರಿನ ಕುತ್ತಿಗೆಗೆ ಅಂಟಿಕೊಂಡಿತ್ತು. ಮೈ ಉರಿಯುತ್ತಿತ್ತು. "ಹೌದು, ನನ್ನದೇ ಕತ್ತರಿಸಿ! ಇನ್ನು ಈ ಮನೆಯಲ್ಲಿ ನಾನು ಬಾಚಣಿಗೆ ಮುಟ್ಟಿದರೆ ಕೇಳಿ!" ಎಂದೆ. ಸಿಟ್ಟಿನಲ್ಲಿ ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಸೊಸೆ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ಪಾರ್ಲರಿನಲ್ಲಿ ನನಗೆ ಮಾಡಿದ್ದಕ್ಕೆ ಬಾಬ್ ಕಟ್ ಎನ್ನುತ್ತಾರಂತೆ. ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು, ಯಾರ ಮನೆಗೆ ಹೋಗಬೇಕು ಎಂದು ನನ್ನನ್ನು ಕೇಳಿದ. ಮನೆಯಲ್ಲಿ ಯಜಮಾನರು ಪೇಪರು ಇಳಿಸಿದರು, ನೋಡಿದರು, ಮತ್ತೆ ಏರಿಸಿದರು. ನಾನು ಕನ್ನಡಿಯ ಮುಂದೆ ಹೋಗಿ ಕೂತು, ಅಲ್ಲಿ ಕಂಡವಳನ್ನು ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಮೊಮ್ಮಗಳು ಅನಾನಸಿನ ಜುಟ್ಟು ಕುಣಿಸುತ್ತ ಹತ್ತಿರ ಬಂದು ನನ್ನ ಬೆನ್ನು ತಟ್ಟಿದಳು. ತನ್ನ ಟವೆಲನ್ನು ನನ್ನ ಮಡಿಲಿಗೆ ಇಟ್ಟಳು.

"ಬೆಳೀತದೆ ಅಜ್ಜಿ, ಕೂದಲು ತಾನೆ."