ಮಾವನ ಎತ್ತಿನ ಕೇಸು

ನಮ್ಮ ಸೋದರಮಾವನಷ್ಟು ಕೋರ್ಟಿನ ಹುಚ್ಚಿದ್ದ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ವಕೀಲರಿಗಾದರೂ ಐತವಾರ ಸೂಟಿ ಬೇಕು, ಮಾವನಿಗೆ ಅದೂ ಬೇಡ! ಅಂದೋಲಾದಿಂದ ಬಸ್ಸು ಹತ್ತಿ ಜೇವರ್ಗಿಗೆ ಬಂದು, ಬೀಗ ಹಾಕಿದ ಕೋರ್ಟಿನ ಕಟ್ಟೆಯ ಮೇಲೆ ತಾಸು ಹೊತ್ತು ಕೂತು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಯಾಕ ಮಾವಾ ಅಂದರೆ, "ರೂಢಿ ತಪ್ಪಬಾರದು ನೋಡವ್ವಾ" ಅನ್ನುತ್ತಿದ್ದ.

ಹಾಗಾದರೆ ಮಾವ ಮಾಡಿದ್ದ ಅಪರಾಧವೇನು? ಕೊಲೆಯೇ? ದರೋಡೆಯೇ? ಎತ್ತಿನ ಕಳವು! ಅದೂ ಒಂದೇ ಎತ್ತು! ಶಿಕ್ಷೆಯಾದರೂ ಎಂಥದ್ದು? ಅವತ್ತು ಕೋರ್ಟು ಏಳುವ ತನಕ ಅಲ್ಲೇ ಕೂತಿರುವುದು, ಮೇಲೆ ಒಂದಿಷ್ಟು ದಂಡ. ಸಂಜೆ ಜಡ್ಜ್ ಸಾಹೇಬರು ಎದ್ದರು, ಮಾವನೂ ಎದ್ದ, ಶಿಕ್ಷೆ ಮುಗಿಯಿತು. ಬೇರೆಯವರಾಗಿದ್ದರೆ ಪೀಡೆ ಕಳೆಯಿತೆಂದು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ನಮ್ಮ ಮಾವ ಮರುದಿನವೇ ಹೊಸ ವಕೀಲರನ್ನು ಹುಡುಕಿಕೊಂಡು ಹೊರಟ.

ನಡೆದದ್ದಿಷ್ಟು. ಅವ್ವ ಮದುವೆಯಾಗಿ ಕೊಳಕೂರಿಗೆ ಬಂದ ಮೇಲಿನ ಮೊದಲ ಪಂಚಮಿ. ಅಣ್ಣನಾದವನು ತಂಗಿಯನ್ನು ಕರೆಯಲು ಗಾಡಿ ಕಟ್ಟಿಕೊಂಡು ಬಂದ. ನಮ್ಮ ಮನೆಯ ದನ, ಪಕ್ಕದ ಮನೆಯ ದಾಯಾದಿ ಕಾಕಾನ ದನ, ಬಂದ ಬೀಗರ ಎತ್ತು, ಎಲ್ಲಕ್ಕೂ ಒಂದೇ ಬೇವಿನಮರದ ನೆರಳು. ನಸುಕಿನಲ್ಲಿ ಮೋಡ ಮುಸುಕಿತ್ತು. ಮಾವ ಅವಸರದಲ್ಲಿ ತನ್ನದೊಂದು ಎತ್ತು, ಕಾಕಾನದೊಂದು ಎತ್ತು ಹೂಡಿಕೊಂಡು ಹೊರಟೇಬಿಟ್ಟ! ತನ್ನ ಪ್ರಾಯದ ಎತ್ತನ್ನು ಅಲ್ಲೇ ಬಿಟ್ಟು ಮುದಿ ಎತ್ತನ್ನು ಕದ್ದೊಯ್ಯುವ ಕಳ್ಳ ಯಾವ ಲೋಕದಲ್ಲಿದ್ದಾನೆ, ನೀವೇ ಹೇಳಿ! ಆದರೆ ಕಾಕಾನಿಗೂ ನಮ್ಮ ಅಜ್ಜನಿಗೂ ಹೊಲದ ಬದುವಿನ ಜಗಳವಿತ್ತು. ಕಾಕಾ ಸೀದಾ ಠಾಣೆಗೆ ಹೋಗಿ ಫಿರ್ಯಾದಿ ಕೊಟ್ಟ.

ಆಗಿನ ವಕೀಲರು ಕೇಳಿದ್ದು ಒಂದೇ ಮಾತು. "ಬೆಳಕು ಹರದ ಮ್ಯಾಲರೆ ಎತ್ತು ಬ್ಯಾರೆ ಅಂತ ಗೊತ್ತಾಗಿರಬೇಕಲ್ಲ? ಯಾಕ ತಿರುಗಿ ಹೋಗಲಿಲ್ಲ? ಅದನ್ನರೆ ಹೇಳ್ರಿ, ಇಲ್ಲಂದ್ರ ಗಾಡ್ಯಾಗಿದ್ದ ನಿಮ್ಮ ತಂಗಿನ್ನ ಸಾಕ್ಷಿಗೆ ಕರಸ್ರಿ."

ತಂಗಿ ಅನ್ನುತ್ತಲೇ ಮಾವ ಸಾಹೇಬರ ಮುಂದೆ ಹೋಗಿ ಕೈಮುಗಿದ. "ಒಪ್ಪಿಗೊಂಡೇನ್ರಿ. ಎತ್ತು ನಾನೇ ಒಯ್ದೇನಿ."

ಒಪ್ಪಿಕೊಂಡವನು ಸುಮ್ಮನಿರಬೇಕೋ ಬೇಡವೋ? ಇಲ್ಲ! ಕಳ್ಳ ಅನ್ನಿಸಿಕೊಂಡು ಬದುಕಲಾರೆ, ಆದರೆ ತಂಗಿಯ ಹೆಸರು ಮಾತ್ರ ಎಲ್ಲೂ ಬರಕೂಡದು. ಅದರ ಮೇಲೊಂದು ಶಪಥ ಬೇರೆ: "ಕೋರ್ಟು ನನ್ನ ನಿರ್ದೋಷಿ ಅನ್ನೋತನಕ ಕೊಳಕೂರ ಮನಿ ಹೊಸ್ತಲಾ ತುಳಿಯಂಗಿಲ್ಲ."

ಜೇವರ್ಗಿಯ ವಕೀಲರೆಲ್ಲ ಕೈಮುಗಿದು ಕಳಿಸಿದರು. ಅಫಜಲಪುರದ ಒಬ್ಬರು ಮಾವನ ರುಮಾಲು ಓಣಿಯಲ್ಲಿ ಕಂಡರೆ ಸಾಕು, ಹಿತ್ತಲ ಬಾಗಿಲಿಂದ ಪರಾರಿ! ಮಾವ ಬಿಟ್ಟಾನೆಯೇ? ಪಡಸಾಲೆಯಲ್ಲಿ ಕೂತು ವಕೀಲರ ಹೆಂಡತಿಗೇ ಕೇಸು ವಿವರಿಸಿದ. ಆ ತಾಯಿ ಕಣ್ಣೊರೆಸಿಕೊಂಡು ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಫೀಸು ಕೊಡದೆ ಉಂಡು ಬಂದ ಕಕ್ಷಿದಾರ ಈ ಭಾಗದಲ್ಲಿ ನಮ್ಮ ಮಾವನೊಬ್ಬನೇ ಇರಬೇಕು.

ಕೊನೆಗೆ ಆಳಂದದ ವಕೀಲಸಾಬರೊಬ್ಬರು ಸಿಕ್ಕರು. ಕಾಗದವನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟು, "ಅರೇ ಭಾಯಿ, ಈ ಕೇಸಿನ್ಯಾಗ ಏನೂ ಉಳದಿಲ್ಲಲ್ಲ!" ಅಂದರು.

"ನಾ ಉಳದೇನಲ್ಲರಿ ವಕೀಲಸಾಬ!" ಅಂದ ಮಾವ.

ಅವರು ನಕ್ಕು ಕೇಸು ಹಿಡಿದರು.

ಇತ್ತ ಅವ್ವನಿಗೆ ಇದ್ದದ್ದು ಒಂದೇ ಆಸೆ. ಅಣ್ಣ ಒಂದು ಸಲ ತನ್ನ ಅಡುಗೆಮನೆಯಲ್ಲಿ ಕೂತು, ಹಂಚಿನಿಂದ ಇಳಿಸಿದ ಬಿಸಿ ಹೋಳಿಗೆ ತಿನ್ನಬೇಕು. ಪ್ರತಿ ಪಂಚಮಿಗೂ ಮಾವ ಬರುತ್ತಿದ್ದ, ಆದರೆ ಬಸ್ ಸ್ಟ್ಯಾಂಡಿನ ತನಕ ಮಾತ್ರ. ಅಲ್ಲಿಂದ ಹೇಳಿಕಳಿಸುತ್ತಿದ್ದ. ಅವ್ವ ಗಂಟು ಹಿಡಿದು, ನನ್ನ ಕೈಹಿಡಿದು ಓಡುತ್ತಿದ್ದಳು.

"ಒಂದ ತುತ್ತು ಉಂಡು ಹೋಗೂಣು ಬಾರೋ ಅಣ್ಣಾ."

"ಕಳ್ಳರು ಬೀಗರ ಮನ್ಯಾಗ ಉಣಬಾರದವ್ವಾ. ನಡಿ, ಬಸ್ಸ ಹೋಗ್ತದ."

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ತವರಿಗೆ ಹೋಗುವವರು ಹೀಗೂ ಅಳುತ್ತಾರೆಯೇ ಎಂದು ನನಗೆ ಆಶ್ಚರ್ಯ. ನಾವು ಮನೆ ಬಿಡುವಾಗ ನಮ್ಮಜ್ಜಿ, ಅಂದರೆ ಅವ್ವನ ಅತ್ತೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಹಾ ಖಡಕ್ ಹೆಂಗಸು. ಅವಳು ಕೆಮ್ಮಿದರೆ ಅಜ್ಜನೇ ಎದ್ದು ಕೂಡುತ್ತಿದ್ದ!

ನಾನು ಹೈಸ್ಕೂಲು ಸೇರುವ ಹೊತ್ತಿಗೆ ಕಲಬುರ್ಗಿಯ ದೊಡ್ಡ ಕೋರ್ಟು, ಒಯ್ದೇನಿ ಅಂದರೆ ಕದ್ದೇನಿ ಅಂದಂತಲ್ಲ ಎಂಬ ವಕೀಲಸಾಬರ ಮಾತು ಕೇಳಿ, ಕೇಸನ್ನು ಮೊದಲಿನಿಂದ ನಡೆಸಿ ಎಂದು ಜೇವರ್ಗಿಗೇ ಕಳಿಸಿತು. ಅಷ್ಟರಲ್ಲಿ ಆ ಎತ್ತು ಸತ್ತು, ಕಾಕಾನ ಹಲ್ಲುದುರಿ, ಬದುವಿನ ಜಗಳ ಯಾಕಾಯಿತೆಂಬುದೇ ಎಲ್ಲರಿಗೂ ಮರೆತುಹೋಗಿತ್ತು! ವಿಚಾರಣೆಯ ದಿನ ಅಜ್ಜಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಹೋದೆವು.

ಸಾಹೇಬರೂ ಅದನ್ನೇ ಕೇಳಿದರು. "ಗೊತ್ತಾದ ಮೇಲೆ ಯಾಕೆ ತಿರುಗಿ ಹೋಗಲಿಲ್ಲ?"

ಮಾವ ನೆಲ ನೋಡಿದ. ಅವ್ವ ಏಳಲು ಹೋದಳು, ಮಾವ ಕಣ್ಣಲ್ಲೇ ಗದರಿಸಿ ಕೂರಿಸಿದ. ಆಗ ನಮ್ಮ ಹಿಂದಿನಿಂದ ಒಂದು ಕೆಮ್ಮು ಕೇಳಿತು.

"ನಾ ಹೇಳ್ತೇನ್ರಿ ಸಾಹೇಬ್ರ. ನಾ ಆ ಹುಡಿಗಿ ಅತ್ತಿ."

ವಕೀಲಸಾಬರು ಗಡಬಡಿಸಿ ಎದ್ದು ಅಪ್ಪಣೆ ಬೇಡಿ, ಅಜ್ಜಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸಿದರು.

"ಹೊಲದಾಗ ಕಸಾ ತಗಿಯೂ ಕೆಲಸ ಇತ್ರಿ. ಸೊಸಿನ್ನ ಕಳಸಾಕ ನನಗ ಮನಸ್ಸಿರಲಿಲ್ಲ. ಗಾಡಿ ಒಮ್ಮೆ ಊರ ದಾಟಿದ್ರ ಹೋತು, ತಿರುಗಿ ಬಂತಂದ್ರ ಮತ್ತ ಕಳಸಂಗಿಲ್ಲ ಅಂದಿದ್ದೆ. ಅದನ್ನ ಹೇಳಿದ್ರ ನನ್ನ ಮಾನ ಹೋಗ್ತದ, ತಂಗಿ ಬಾಳೇವು ಕೆಡ್ತದ ಅಂತ ಈ ಹುಡುಗ ಬಾಯಿ ಮುಚ್ಕೊಂಡು ಕುಂತಾನ. ನಾನೂ ಕುಂತೆ. ತಪ್ಪು ನಂದದ, ಬರಕೋರಿ."

ಮಾವನಿಗೆ ಬಿಡುಗಡೆಯಾಯಿತು.

ಸಂಜೆ ಎಲ್ಲರೂ ಕೊಳಕೂರಿಗೆ ಬಂದೆವು. ನಿರ್ದೋಷಿ ಎಂದು ಕೋರ್ಟೇ ಹೇಳಿದೆ, ಆದರೂ ಮಾವ ಹೊಸ್ತಿಲ ಹೊರಗೇ ನಿಂತ. ಅಜ್ಜಿ ತಂಬಿಗೆಯಲ್ಲಿ ನೀರು ತಂದು, ಬೇಡವೆಂದರೂ ಕೇಳದೆ, ತಾನೇ ಬಗ್ಗಿ ಅವನ ಕಾಲಿಗೆ ಸುರಿದಳು. "ಒಳಗ ಬಾ ತಮ್ಮಾ" ಅಂದಳು.

ಮಾವ ಒಳಗೆ ಬಂದು ಒಲೆಯ ಹತ್ತಿರ ಕೂತ. ಕೂದಲು ಬೆಳ್ಳಗಾಗಿತ್ತು. ಕಳ್ಳನೆಂದು ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಹಬ್ಬವಿಲ್ಲದಿದ್ದರೂ ಅವ್ವ ಹೋಳಿಗೆ ತಟ್ಟುತ್ತಿದ್ದಳು. ತಟ್ಟುತ್ತ ತಟ್ಟುತ್ತ ತಡೆಯಲಾರದೆ ಕೇಳಿಯೇಬಿಟ್ಟಳು.

"ಅವತ್ತ ಗಾಡಿ ತಿರಗಿಸಬಾರದಾಗಿತ್ತೇನೋ ಅಣ್ಣಾ? ನಂದೊಂದು ಪಂಚಮಿ ಹೋಗ್ತಿತ್ತು, ಅಷ್ಟ. ನಿನ್ನ ಇಡೀ ಜಲ್ಮಾನೇ ಹೋತಲ್ಲೋ!"

ಮಾವ ಹಂಚಿನಿಂದ ಇಳಿದ ಬಿಸಿ ಹೋಳಿಗೆಯ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡ. ಆಮೇಲೆ ಅಂದ:

"ಹಿಂದ ಗಾಡ್ಯಾಗ ಕುಂತು ನೀ ನಗಾಕತ್ತಿದ್ದಿ. ನಾ ಹ್ಯಾಂಗ ತಿರಗಿಸ್ಲಿ ಹೇಳು?"