ಅಪ್ಪನ ಕಾಲದ ಬಳೆ

ದೋಣಿಯವನ ಆ ದಿನದ ಸಂಕಟಕ್ಕೆಲ್ಲ ಮೂಲ ಅಂಗೈಯಗಲದ ಒಂದು ಕಬ್ಬಿಣದ ಬಳೆ. ಹುಟ್ಟು ಜಾರದಂತೆ ದೋಣಿಯಂಚಿಗೆ ಅವನಪ್ಪ ಕೂರಿಸಿದ್ದು. ಹುಟ್ಟು ಹಾಕಿದಾಗಲೆಲ್ಲ ಹಲ್ಲುನೋವಿನ ಮುದುಕನಂತೆ 'ಕಿರ್ರೋ' ಎಂದು ನರಳುತ್ತಿತ್ತು. ಇವನು ಚಿಕ್ಕವನಿದ್ದಾಗ ಆ ಸದ್ದು ಆಚೆ ದಡದಿಂದ ಕೇಳಿಸಿತೆಂದರೆ ಅಮ್ಮ ಸ್ನಾನದ ನೀರಿಗೆ ಉರಿ ಹಾಕುತ್ತಿದ್ದಳು. ಅಪ್ಪ ಹೊರಟ ಎಂದು ಅರ್ಥ.

ಈಗ ಕೆರೆ ದಡದ ಆ ಊರು ಆರೋಗ್ಯ ಪ್ರವಾಸಿ ತಾಣವಾಗಲಿತ್ತು. ಪ್ಲಾಸ್ಟಿಕ್ಕಿಗೂ ಮೋಟಾರಿಗೂ ಬಹಿಷ್ಕಾರ. ಕಮ್ಮಾರನ ಕುಲುಮೆಯೇ ಮಸಾಜ್ ಕೇಂದ್ರವಾಗಿತ್ತು, ಹೊಸ ಬಳೆ ಮಾಡಿಕೊಡುವವರಿಲ್ಲ. ಇನ್ನು ಮೇಲೆ ಕೆರೆಯಲ್ಲಿ ಒಂದೇ ದೋಣಿ, ಅದೂ ಸದ್ದಿಲ್ಲದ್ದು. ಆರಿಸಲು ತಾಣದ ಒಡತಿ ಮೇಡಂ ನಾಲ್ಕು ಗಂಟೆಗೆ ಬರುವವರಿದ್ದರು. ಕಣದಲ್ಲಿ ಇವನೊಬ್ಬ, ಹೆಂಡತಿಯ ತಂಗಿಯ ಗಂಡನೊಬ್ಬ.

"ಮಷೀನ್ ಎಣ್ಣೆ ಬಿಡು ಮಾರಾಯ," ಎಂದ, ನೆರವಿಗೆಂದು ದೋಣಿ ಹತ್ತಿದ್ದ ಊರ ಟೈಲರ್. ಬಿಟ್ಟ. ಬಳೆ ಗಂಟಲು ಸರಿಮಾಡಿಕೊಂಡ ಗವಾಯಿಯಂತೆ ಇನ್ನೂ ಮೇಲಿನ ಶ್ರುತಿಗೆ ಏರಿತು.

"ಹುಚ್ಚಪ್ಪ, ಇದಕ್ಕೆ ತಲೆ ಎಣ್ಣೆನೇ ಆಗ್ಬೇಕು," ಎಂದು ಹಿಂದೆಯೇ ಹತ್ತಿದ ಕ್ಷೌರದಂಗಡಿಯವನು ಸೀಸೆಯನ್ನೇ ಬಗ್ಗಿಸಿದ. ಹುಟ್ಟು ಜಾರಿ ಟೈಲರನ ಮೊಣಕಾಲಿಗೆ ಬಡಿಯಿತು. ಟೈಲರ್ ಕ್ಷೌರದವನನ್ನು ತಬ್ಬಿದ. ಇಬ್ಬರೂ ನೀರಿಗೆ. ಬಳೆ ಮಾತ್ರ 'ಕಿರ್ರೋ'.

"ರೀ, ನನ್ ತಂಗಿ ಗಂಡ ಊಟಕ್ಕೆ ಹೋಗಿದಾನೆ. ಅವನ ಬಳೆನೂ ಇದೇ ಅಳತೆ. ಬದಲಾಯಿಸ್ಬಿಡಿ," ಎಂದಳು ಹೆಂಡತಿ.

"ಮೋಸ ಅಲ್ವೇನೇ?"

"ಮನೆಯೋರ ನಡುವೆ ಕೊಡೋದು ತಗೊಳ್ಳೋದು ಇದ್ದಿದ್ದೇ!"

ಬದಲಾಯಿಸಿದ.

ನಾಲ್ಕಕ್ಕೆ ಬಂದ ಮೇಡಂ ಮೊದಲು ಇವನ ದೋಣಿ ಹತ್ತಿದರು. ಮಲಗಿದ ಮಗುವಿನ ಪಕ್ಕದಿಂದ ಎದ್ದ ತಾಯಿಯಂತೆ ದೋಣಿ ಸದ್ದಿಲ್ಲದೆ ಸರಿಯಿತು. "ಚೆನ್ನಾಗಿದೆ," ಎಂದರು ಮೇಡಂ, ಗಡಿಯಾರ ನೋಡಿಕೊಂಡು.

ಆಮೇಲೆ ಷಡ್ಡಕನ ದೋಣಿ. ಮೊದಲ ಹುಟ್ಟಿಗೇ 'ಕಿರ್ರೋ!' ಷಡ್ಡಕನ ಮುಖ ಸುಣ್ಣವಾಯಿತು. ದಡದಲ್ಲಿ ಇವನು ಟವೆಲ್ಲಿನಲ್ಲಿ ನಗು ಮುಚ್ಚಿಕೊಂಡ.

"ನಿಲ್ಲಿಸ್ಬೇಡಿ! ಇನ್ನೊಂದ್ಸಲ ಹಾಕಿ!" ಮೇಡಂ ಕಣ್ಣು ಮುಚ್ಚಿದ್ದರು. "ಚಿಕ್ಕೋಳಿದ್ದಾಗ ಇಲ್ಲೇ ಅಜ್ಜಿ ಮನೇಲಿದ್ದೆ. ಅಮ್ಮ ವಾರಕ್ಕೊಂದ್ಸಲ ಈ ದೋಣೀಲೇ ಬರ್ತಿದ್ಲು. ಸದ್ದು ಕೇಳಿದ ಕೂಡ್ಲೇ ಅಜ್ಜಿ ನನ್ನ ಮುಖ ತೊಳೆಸೋಳು... ಇದಕ್ಕಿಂತ ನೆಮ್ಮದಿ ಇನ್ನೆಲ್ಲಿದೆ? ಇದೇ ದೋಣಿ ಇರ್ಲಿ."

"ಮೇಡಂ, ಆ ಬಳೆ..." ಎಂದು ಇವನು ಬಾಯಿ ತೆರೆದ. ಹೆಂಡತಿ ಚಿವುಟಿದಳು. "ಕದ್ದು ಹಾಕಿದ್ದು ಅಂತ ಹೇಳ್ತೀರಾ?" ಇವನು ಅದೇ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

ಸಂಜೆ ದೋಣಿಯನ್ನು ಕವುಚಿಹಾಕಿ ಹಿತ್ತಿಲಲ್ಲಿ ಕುಳಿತಿದ್ದಾಗ ಆಚೆ ದಡದಿಂದ ಕೇಳಿಸಿತು, 'ಕಿರ್ರೋ... ಕಿರ್ರೋ...' ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವನ ಕೈ ಹಂಡೆಯ ಒಲೆಗೆ ಸೌದೆ ತಳ್ಳಿ ಕಡ್ಡಿ ಗೀರಿತ್ತು.

ಸ್ವಲ್ಪ ಹೊತ್ತಿಗೆ, ಮೊದಲ ಸುತ್ತು ಮುಗಿಸಿದ ಷಡ್ಡಕ ಬೆವರೊರೆಸುತ್ತ ನೇರ ಇವನ ಹಿತ್ತಿಲಿಗೇ ಬಂದ. ಹಬೆಯಾಡುವ ಹಂಡೆ ಕಂಡು ಅವನ ಕಣ್ಣು ತುಂಬಿತು.

"ಭಾವ, ನೀರು ಕಾಯಿಸಿಟ್ಟಿದೀರಾ! ನಾನು ಹೊರಟಿದ್ದು ನಿಮಗೆ ಹೇಗೆ ಗೊತ್ತಾಯ್ತು?"