ಕಿಟಕಿಯೊಳಗಿನ ಮಾವ

ತನ್ನ ಮಾನ ಹೋದದ್ದು ನಾಟಿ ಕೋಳಿಯ ಕಾಲಿನಿಂದ ಎಂದು ಗಿರಿ ಇವತ್ತಿಗೂ ಒಳಗೊಳಗೆ ಒಪ್ಪುವುದಿಲ್ಲ. ಮೊಬೈಲಿನ ಬ್ಯಾಟರಿಯಿಂದ ಅಂದುಕೊಳ್ಳುತ್ತಾನೆ. ಬ್ಯಾಟರಿ ತುಂಬಿದ್ದರೆ ಪರದೆಯ ಬೆಳಕು ತಗ್ಗಿಸುತ್ತಿರಲಿಲ್ಲ, ಪರದೆ ಮಂಕಾಗಿರದಿದ್ದರೆ ಫೋಟೋನೇ ಮಂಕು ಎಂದು ಮೋಸ ಹೋಗುತ್ತಿರಲಿಲ್ಲ ಎಂಬುದು ಅವನ ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಗಿರಿಗೆ ಬ್ಯಾಟರಿ ಡೊಂಕು.

ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಗಿರಿಗೆ ಆ ಬೋಗಿಯಲ್ಲಿ ದೊಡ್ಡ ಹೆಸರಿತ್ತು. ಯಾರ ಫೋಟೋ ಕಪ್ಪಾಗಿ ಬಂದರೂ ಅದು ಅವನ ಕೈಗೆ ಬರುತ್ತಿತ್ತು. "ಮೊದ್ಲು ಪರದೆ ಬೆಳಕು ಪೂರ್ತಿ ಏರಿಸ್ಕೋಬೇಕು. ಬಿಸಿಲಲ್ಲಿ ಕೂತು ಫೋಟೋ ತಿದ್ಲೇಬಾರ್ದು, ಬಿಸಿಲಲ್ಲಿ ಎಲ್ಲಾ ಫೋಟೋನೂ ಕಪ್ಪೇ. ಬ್ರೈಟ್‌ನೆಸ್ ಅನ್ನೋದು ಸಾರಿಗೆ ಉಪ್ಪಿದ್ದಂಗೆ" ಎಂದು ಪಾಠ ಹೇಳುತ್ತ ಎಳೆದೆಳೆದು ತಿದ್ದಿಕೊಡುತ್ತಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಗಿರಿಯ ಪಾಲಿಗೆ ಬದನೆಕಾಯಿಯ ಜಾಗದಲ್ಲಿ ಕೋಳಿ ಬಂತು.

ಅದು ಪಿತೃಪಕ್ಷದ ಒಂದು ಭಾನುವಾರ. ಕಾಮಸಮುದ್ರದಾಚೆಯ ಹಳ್ಳಿಯಲ್ಲಿ, ತೀರಿಹೋದ ಮಾವ ಚಿಕ್ಕಮುನಿಯಪ್ಪನಿಗೆ ಎಡೆ ಇಡುವ ದಿನ. ಗಂಡುಮಕ್ಕಳಿಲ್ಲದ ಮನೆ. ಹೋದ ವರ್ಷದವರೆಗೆ ಮಾವನ ತಮ್ಮ ಪೂಜೆ ಮಾಡುತ್ತಿದ್ದರು, ಈ ವರ್ಷ ಅವರಿಗೆ ಮಂಡಿನೋವು. "ಅಳಿಯಂದ್ರೇ ಮಾಡ್ಲಿ" ಎಂದು ಅತ್ತೆ ವೆಂಕಟರತ್ನಮ್ಮ ಹೇಳಿ ಕಳಿಸಿದ್ದರು. ಮೊದಲ ಸಲ ಸಿಕ್ಕ ಮರ್ಯಾದೆ. ಗಿರಿ ಹೊಸ ಬಿಳಿ ಅಂಗಿ ತೊಟ್ಟು, ಹೆಂಡತಿ ಅರ್ಚನಳ ಜೊತೆ ಬೆಳಿಗ್ಗೆಯೇ ಬಸ್ಸಿಳಿದ.

ಆ ಕಡೆಯ ಪದ್ಧತಿ ಹೀಗೆ. ಕೋಣೆಯಲ್ಲಿ ಹಿರಿಯರ ಫೋಟೋ ಮುಂದೆ ಬಾಳೆಲೆ ಹಾಸಿ, ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಅಂಗಳಕ್ಕೆ ಬಂದುಬಿಡಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಗ ಯಾರೂ ಇಣುಕಬಾರದು. ಅವರ ಊಟವಾಗುವ ತನಕ ಮನೆಯವರ ಹೊಟ್ಟೆಗೆ ಕಾಫಿ ಬಿಟ್ಟರೆ ಬೇರೇನೂ ಇಳಿಯುವಂತಿಲ್ಲ.

ಗಿರಿ ಶಾಸ್ತ್ರೋಕ್ತವಾಗಿ ಕೈಮುಗಿದ, ಅಡ್ಡಬಿದ್ದ. ಆದರೆ ಅಡ್ಡಬಿದ್ದಾಗಲೇ ಮೂಗು ಎಲೆಯ ಹತ್ತಿರ ಹೋಯಿತು. ಮುದ್ದೆ, ವಡೆ, ಒಂದು ಕಟ್ಟು ಬೀಡಿ, ನಡುವೆ ಸಾರಿನಲ್ಲಿ ಮಿಂದು ಕೂತಿದ್ದ ನಾಟಿ ಕೋಳಿಯ ಕಾಲು. ಬಾಗಿಲು ಮುಚ್ಚಿ ಅಂಗಳಕ್ಕೆ ಬಂದ ಮೇಲೂ ಆ ಕಾಲು ಕಣ್ಣ ಮುಂದೆಯೇ ನಡೆದಾಡುತ್ತಿತ್ತು. ಆಫೀಸಿನ ಫೋನು ಬಂತೆಂದು ಎದ್ದು ಹಿತ್ತಿಲಿಗೆ ಹೋದ. ಅಡುಗೆಮನೆಯಿಂದ ಕೋಣೆಗೆ ಒಂದು ಚಿಕ್ಕ ಬಾಗಿಲಿತ್ತು, ಚಿಲಕ ಹಾಕಿರಲಿಲ್ಲ. ಒಂದು ಚೂರು ಮುರಿದುಕೊಂಡು ಬರೋಣ, ಮಾವನಿಗೇನು ಗೊತ್ತಾಗುತ್ತೆ ಅಂದುಕೊಂಡು ಒಳಗೆ ಹೆಜ್ಜೆ ಇಟ್ಟ. ಆದರೆ ನಾಟಿ ಕೋಳಿ ಚೂರುಚೂರಾಗಿ ಬರುವ ಜಾತಿಯದಲ್ಲ. ಇಡೀ ಕಾಲೇ ಕೈಗೆ ಬಂತು. ದೀಪದ ಪಕ್ಕ ನಿಂತು, ಮಾವನ ಫೋಟೋದ ಕಡೆ ನೋಡದೆ ಗಬಗಬ ತಿಂದು, ಮೂಳೆಯನ್ನು ಬೇಲಿಯಾಚೆ ನಾಯಿಗೆಸೆದು, ಕಿವಿಗೆ ಮೊಬೈಲಿಟ್ಟುಕೊಂಡು ಮರಳಿ ಅಂಗಳಕ್ಕೆ ಬಂದ.

ಅವನು ಒಳಗಿದ್ದ ಹೊತ್ತಿನಲ್ಲೇ ಅರ್ಚನ ಅಮ್ಮನ ಹೆಗಲ ಮೇಲೆ ಕೈ ಹಾಕಿ ಒಂದು ಸೆಲ್ಫಿ ತೆಗೆದಿದ್ದಳು. ಬೆನ್ನ ಹಿಂದೆ ಕೋಣೆಯ ಕಿಟಕಿ ಇತ್ತು. ಸೂರ್ಯ ಮನೆಯ ಹಿಂದಿನಿಂದ ಏರುತ್ತಿದ್ದುದರಿಂದ ಅಮ್ಮ ಮಗಳ ಮುಖ ಎರಡೂ ಕಪ್ಪಾಗಿದ್ದವು, ಕಿಟಕಿಯಂತೂ ಇದ್ದಿಲ ಮೂಟೆ.

ಬಾಗಿಲು ತೆಗೆಯುವ ಹೊತ್ತಿಗೆ ಪಕ್ಕದ ಮನೆಯ ಮುನಿನಾರಾಯಣಪ್ಪ ಬಂದಿದ್ದ. ಯಾರ ಮನೆಯಲ್ಲಿ ಬಾಗಿಲು ತೆರೆದರೂ ಮುನಿನಾರಾಯಣಪ್ಪ ಅಲ್ಲಿರುತ್ತಾನೆ. ಎಲೆ ನೋಡಿದ ಅರ್ಚನ ಕಿರುಚಿದಳು. "ಅಮ್ಮಾ! ಕಾಲು ಪೀಸೇ ಇಲ್ಲ!"

"ಬೆಕ್ಕಿರಬೇಕು" ಎಂದ ಗಿರಿ, ಅಗತ್ಯಕ್ಕಿಂತ ಬೇಗ.

"ಬೆಕ್ಕಾ?" ಮುನಿನಾರಾಯಣಪ್ಪ ಎಲೆಯ ಮೇಲೆ ಬಗ್ಗಿ ಪರೀಕ್ಷೆ ಮಾಡಿದ. "ಬೆಕ್ಕಾಗಿದ್ರೆ ಸಾರು ಚೆಲ್ತಿತ್ತು, ಮುದ್ದೆ ಕೆದ್ರುತಿತ್ತು. ನೋಡು ಎಷ್ಟು ನೀಟಾಗಿ ಎತ್ಕಂಡವ್ರೆ. ಇದು ಮನುಷ್ಯರು ಉಂಡಿರೋದು."

ಗಿರಿ ಇಲ್ಲದ ಬೆಕ್ಕನ್ನು ಮೂಲೆಮೂಲೆಯಲ್ಲಿ ಹುಡುಕತೊಡಗಿದ. ವೆಂಕಟರತ್ನಮ್ಮ ಎಲೆಯನ್ನು ನೋಡಿದರು, ತಿರುಗಿ ಅಳಿಯನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗನ್ನು ಕಣ್ಣಿಗೊತ್ತಿಕೊಂಡು, "ಇನ್ಯಾರು ಬತ್ತಾರೆ? ಅವ್ರೇ ಬಂದು ಉಂಡೋಗವ್ರೆ" ಎಂದುಬಿಟ್ಟರು.

"ಅಪ್ಪಂಗೆ ಹಲ್ಲೇ ಇರ್ಲಿಲ್ವಲ್ಲಮ್ಮಾ?" ಎಂದಳು ಅರ್ಚನ.

"ಮೇಲಕ್ಕೋದ್ಮೇಲೆ ಅಲ್ಲು ಬತ್ತವೆ ಕಣಮ್ಮ" ಎಂದು ಮುನಿನಾರಾಯಣಪ್ಪ ತೀರ್ಪು ಕೊಟ್ಟ, ಅಲ್ಲಿಗೆ ಹೋಗಿ ನೋಡಿಕೊಂಡು ಬಂದವನ ಹಾಗೆ.

ಅರ್ಚನ ಬಿಕ್ಕಿಬಿಕ್ಕಿ ಅತ್ತಳು. ಮುನಿನಾರಾಯಣಪ್ಪ ಕೈಮುಗಿದ. ಗಿರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸತ್ತವರ ಎಲೆಯಿಂದ ಕದ್ದು ತಿಂದದ್ದು ಒಂದು ನಾಚಿಕೆ, ಅದಕ್ಕೆ ಹೆಂಡತಿ ಕಣ್ಣೀರಿಡುವುದನ್ನು ನೋಡುತ್ತ ನಿಲ್ಲುವುದು ಅದಕ್ಕಿಂತ ದೊಡ್ಡ ನಾಚಿಕೆ. ತಡೆಯಲಾರದೆ ಅತ್ತೆಯ ಹಿಂದೆ ಅಡುಗೆಮನೆಗೆ ಹೋದ.

"ಅತ್ತೆ, ನಿಮ್ಹತ್ರ ಒಂದು ಮಾತು..."

"ಏನೂ ಮಾತು ಬ್ಯಾಡಿ ಅಳಿಯಂದ್ರೆ. ಮೊದ್ಲು ಓಗಿ ಮುಖ ತೊಳ್ಕಳಿ" ಎಂದರು ಅತ್ತೆ. ದುಃಖದಲ್ಲಿದ್ದಾರೆ ಪಾಪ ಅಂದುಕೊಂಡು ಗಿರಿ ಮುಖ ತೊಳೆದ.

ಅರ್ಚನ ಕಣ್ಣೊರೆಸಿಕೊಂಡು ಬಂದಳು. "ರೀ, ಅಪ್ಪ ಬಂದಿದ್ದ ಟೈಮಲ್ಲೇ ಅಮ್ಮನ ಜೊತೆ ಒಂದು ಫೋಟೋ ತೆಗ್ದಿದ್ದೀನಿ. ನಿಮಗೆ ಕಳಿಸಿದ್ದೀನಿ, ಮುಖ ಕರ್ರಗೆ ಬಂದೈತೆ. ಸ್ವಲ್ಪ ಬ್ರೈಟ್ ಮಾಡಿ ನಮ್ಮೋರ ಗ್ರೂಪಿಗಾಕಿ."

ಒಂದು ಒಳ್ಳೆಯ ಕೆಲಸವಾದರೂ ಮಾಡೋಣ ಎಂದು ಗಿರಿ ಅಂಗಳದ ಕಲ್ಲಿನ ಮೇಲೆ ಕೂತ. ಅಷ್ಟು ಹೊತ್ತಿಗೇ ಉರಿಬಿಸಿಲು. ಬ್ಯಾಟರಿ ಮುಗಿಯುತ್ತ ಬಂದಿದ್ದರಿಂದ ಪರದೆಯನ್ನು ಮಂಕು ಮಾಡಿಟ್ಟಿದ್ದ. ರೈಲಿನಲ್ಲಿ ಹೇಳುತ್ತಿದ್ದ ಪಾಠ ಒಂದಾದರೂ ನೆನಪಿಗೆ ಬರಬೇಕಲ್ಲ? ಬ್ರೈಟ್‌ನೆಸ್ ಎಳೆದ. ಇನ್ನೂ ಕಪ್ಪು. ಮತ್ತಷ್ಟು ಎಳೆದ. ಅತ್ತೆಯ ಮೂಗುತಿ ಕಂಡಿತು. ಇನ್ನೊಂದಿಷ್ಟು ಎಳೆದ. ಇಬ್ಬರೂ ಹದವಾಗಿ ಕಂಡರು. ಕಿಟಕಿ ಕಪ್ಪಾಗಿಯೇ ಇತ್ತು, ಅದನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಕಳಿಸಿಬಿಟ್ಟ.

ಮೊದಲ ಉತ್ತರ ಬಂದದ್ದು ಅರ್ಚನಳ ಚಿಕ್ಕಪ್ಪನ ಮಗ ನಾಗರಾಜನಿಂದ, ಗಣಿ ಊರು ಕೋರಮಂಡಲ್‌ನಿಂದ. "ದೊಡ್ಡಮ್ಮನ ಮುಖ ಸುಣ್ಣ ಬಳಿದಂಗೈತೆ. ಅದಿರ್ಲಿ, ಕಿಟಕಿ ಒಳಗೆ ಯಾರದು?"

ಗಿರಿ ಗುಡುಗು ಕೇಳಿದವನಂತೆ ಎದ್ದು ಜಗಲಿಯ ನೆರಳಿಗೆ ಓಡಿ ಪರದೆಯ ಬೆಳಕು ಪೂರ್ತಿ ಏರಿಸಿದ. ಕಿಟಕಿಯೊಳಗೆ ದೀಪ ಉರಿಯುತ್ತಿತ್ತು. ದೀಪದ ಪಕ್ಕ ಒಬ್ಬ ಮನುಷ್ಯ ಕೋಳಿಯ ಕಾಲನ್ನು ಪೀಪಿಯ ಹಾಗೆ ಬಾಯಿಗಿಟ್ಟುಕೊಂಡು ನಿಂತಿದ್ದ. ಮುಖ ಅಸ್ಪಷ್ಟ. ಆದರೆ ನಮ್ಮ ಮುಖ ಎಷ್ಟು ಅಸ್ಪಷ್ಟವಾಗಿದ್ದರೂ ನಮಗೆ ಗುರುತು ಸಿಗುತ್ತದೆ. ತಕ್ಷಣ ಗ್ರೂಪಿನಿಂದ ಫೋಟೋ ಅಳಿಸಿದ.

"ಯಾಕಪ್ಪ ಅಳಿಸ್ದೆ? ನಾನು ಆಗ್ಲೇ ಇಳಿಸ್ಕಂಡಿವ್ನಿ" ಎಂದು ಮುನಿನಾರಾಯಣಪ್ಪ ತನ್ನ ಮೊಬೈಲು ಹಿಡಿದುಕೊಂಡು ಬಂದ. ಗಂಟೆ ಬಾರಿಸದೆ ಊರು ಸೇರಿತು. "ಚಿಕ್ಕಮುನಿಯಪ್ಪನ ಮುಖ ಸರಿಯಾಗಿ ಕಾಣ್ತಿಲ್ಲ ಕಣಪ್ಪ. ನೀನು ಬ್ರೈಟ್ ಮಾಡೋದ್ರಲ್ಲಿ ಗಟ್ಟಿಗನಂತೆ. ಮಾಡು, ದರ್ಶನ ಮಾಡ್ತೀವಿ. ತಡಿ, ನನ್ ಕನ್ನಡಕ ಎಲ್ಲೋಯ್ತು?"

ಅವನು ಜೇಬು ತಡಕುತ್ತಿರುವಾಗ ಗಿರಿಯ ಬೆರಳು ಬ್ರೈಟ್‌ನೆಸ್ ಗೆರೆಯ ಮೇಲೆ ಹೊರಟಿತು. ಸ್ವಲ್ಪ ಎಳೆದಾಗ ಬಿಳಿ ಅಂಗಿಯ ಕಾಲರು ಕಂಡಿತು. ಇನ್ನೂ ಸ್ವಲ್ಪಕ್ಕೆ ಮೀಸೆ ಕಂಡಿತು, ಬೆಳಿಗ್ಗೆ ತಾನೇ ಕತ್ತರಿ ಆಡಿಸಿಕೊಂಡು ಬಂದ ಮೀಸೆ. ಅಷ್ಟರಲ್ಲಿ ಮುನಿನಾರಾಯಣಪ್ಪನಿಗೆ ಕನ್ನಡಕ ಸಿಕ್ಕಿತು. ಗಿರಿ ಕಣ್ಣು ಮುಚ್ಚಿಕೊಂಡು ಗೆರೆಯ ಕೊನೆಯವರೆಗೂ ಎಳೆದುಬಿಟ್ಟ.

ಕಣ್ಣು ಬಿಟ್ಟರೆ ಬದುಕಿದ್ದ. ಮೀಸೆ ಇಲ್ಲ, ಕಣ್ಣು ಮೂಗು ಇಲ್ಲ, ಕಾಲರೂ ಇಲ್ಲ. ಕಿಟಕಿಯೊಳಗೆ ಮನುಷ್ಯಾಕಾರದ ಬರೀ ಬೆಳ್ಳನೆಯ ಬೆಳಕು, ಅದರ ಬಾಯಿಯ ಹತ್ತಿರ ಒಂದು ಕೋಳಿಕಾಲು.

"ಅಯ್ಯೋ ದೇವುಡಾ!" ಮುನಿನಾರಾಯಣಪ್ಪ ನಿಂತಲ್ಲೇ ಕುಸಿದು ಕೂತ. "ಜ್ಯೋತಿ ಆಗ್ಬಿಟ್ಟವ್ನೆ ಕಣ್ರಲಾ ನಮ್ ಚಿಕ್ಕಮುನಿ!"

ಅಲ್ಲಿಂದ ಮುಂದೆ ಗಿರಿಯ ಕೈಯಲ್ಲಿ ಏನೂ ಉಳಿಯಲಿಲ್ಲ. ಫೋಟೋ ಊರಿನ ಗ್ರೂಪಿಗೆ ಹೋಯಿತು, ಹಾಲಿನ ಡೈರಿಯ ಗ್ರೂಪಿಗೆ ಹೋಯಿತು. ಹೆಂಗಸರು ಅರಿಶಿನ ಕುಂಕುಮ ತಂದರು. ಮಧ್ಯಾಹ್ನದ ಹೊತ್ತಿಗೆ ನಾಗರಾಜ ಬಂಗಾರಪೇಟೆ ಸುತ್ತಿಕೊಂಡು, ಸ್ಟುಡಿಯೋದಲ್ಲಿ ಫೋಟೋದ ಕಿಟಕಿಯ ಭಾಗವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿಕೊಂಡು ಬೈಕಿನಲ್ಲಿ ಬಂದ. ಮಾವನ ಹಳೆಯ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದು, ಚೆಂಡುಹೂವಿನ ಹಾರ ಹಾಕಿದರು.

"ಪೂಜೆ ಮಾಡಿದೋನು ನೀನೇ, ಮೊದ್ಲು ನೀನೇ ಅಡ್ಡಬೀಳಪ್ಪ" ಎಂದರು ಎಲ್ಲರೂ. ಗಿರಿ ಹಾರ ಹಾಕಿಸಿಕೊಂಡ ತನಗೇ ತಾನು ಅಡ್ಡಬಿದ್ದ. ಏಳಲು ಮನಸ್ಸಾಗದೆ ಅಲ್ಲೇ ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡಿದ್ದ. "ಎಂಥ ಭಕ್ತಿ ನೋಡ್ರಿ, ಇಂಥ ಅಳಿಯ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು" ಎಂದು ಯಾರೋ ಅಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಊಟಕ್ಕೆ ಕೂತಾಗ ಪಾತ್ರೆಯಲ್ಲಿ ಉಳಿದಿದ್ದ ಇನ್ನೊಂದು ಕಾಲನ್ನು ಜ್ಯೋತಿಗೆ ಎಡೆ ಮಾಡಬೇಕೆಂದು ಮುನಿನಾರಾಯಣಪ್ಪ ಹಟ ಹಿಡಿದ. ಎಡೆಯಾಯಿತು. ಪ್ರಸಾದವೆಂದು ಅವನೇ ಅದನ್ನು ಚೀಪಿ ಮುಗಿಸಿದ. ಗಿರಿಯ ತಟ್ಟೆಗೆ ಬಿದ್ದದ್ದು ಮುದ್ದೆ ಮತ್ತು ಸಾರು.

ಸಂಜೆ ಹೊರಡುವಾಗ ಅರ್ಚನ ಬೀದಿಯವರಿಗೆಲ್ಲ ಹೇಳಿ ಬರಲು ಹೋಗಿದ್ದಳು. ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ. ಇನ್ನು ತಡೆದರೆ ಎದೆ ಒಡೆಯುತ್ತದೆ ಅನ್ನಿಸಿ ಗಿರಿ ಬಾಯಿ ತೆರೆದ. "ಅತ್ತೆ, ಆ ಕಾಲು..."

"ಗೊತ್ತು ಕಣಪ್ಪಾ" ಎಂದರು ವೆಂಕಟರತ್ನಮ್ಮ, ತಲೆಯೆತ್ತದೆ. "ಬಾಗ್ಲು ತೆಗೆದಾಗ ನಿಮ್ಮ ಗದ್ದದ ಮ್ಯಾಲೆ ಸಾರು, ಮೀಸೇಲಿ ಮಸಾಲೆ. ಅದ್ಕೇ ಮುಖ ತೊಳ್ಕಳಿ ಅಂದಿದ್ದು. ಮುನಿನಾರಾಯಣಪ್ಪನ ಮುಂದೆ ಮನೆ ಅಳಿಯನ ಮರ್ವಾದೆ ಓಗ್ಬಾರ್ದು ಅಂತ ಸತ್ತಿರೋ ಗಂಡನ ತಲೆ ಮ್ಯಾಲೆ ಆಕ್ದೆ. ನಾನು ಸೆರಗಲ್ಲಿ ಮುಚ್ಚಿದ್ದನ್ನ ನೀವು ಬೆಳಕಾಕಿ ಊರಿಗೆಲ್ಲ ತೋರ್ಸಿದ್ರಿ."

ಗಿರಿಯ ಕತ್ತು ಎದೆಗೆ ತಗುಲಿತು.

"ಇನ್ನೊಂದು ಕೇಳಿ. ನಮ್ಮನೇಲಿ ಎಡೆ ಎಲೆ ಪೂಜೆ ಮಾಡಿದೋರಿಗೇ ಸೇರೋದು. ಆ ಕಾಲು ನಿಮಗೆ ಅಂತಾನೇ ಇಟ್ಟಿದ್ದೆ. ಒಂದು ಗಳಿಗೆ ತಡ್ಕಂಡಿದ್ರೆ ಬೆಳ್ಳಿ ತಟ್ಟೇಲಿ ಇಟ್ಟು ಕೊಡ್ತಿದ್ದೆ."

ತನ್ನ ಪಾಲನ್ನು ತಾನೇ ಕದ್ದ ಕಳ್ಳ, "ಮುಂದಿನ ವರ್ಷ..." ಎಂದು ತೊದಲಿದ.

"ಮುಂದಿನ ವರ್ಷದಿಂದ ಕಾಲು ಜ್ಯೋತಿಗೆ ಕಣಪ್ಪ. ಊರೇ ನಂಬೈತೆ, ಇನ್ನು ತಪ್ಸಕ್ಕಾಯ್ತದಾ?" ಎನ್ನುತ್ತ ವೆಂಕಟರತ್ನಮ್ಮ ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಚೌಕನೆಯದೊಂದನ್ನು ತಂದು ಅವನ ಕೈಗಿಟ್ಟರು. "ನಾಗರಾಜ ಎರಡು ಮಾಡಿಸ್ಕಂಡು ಬಂದವ್ನೆ. ಇದು ನಿಮ್ಮನೆಗೆ. ಊಟಕ್ಕೆ ಕೂತ್ಕಂತೀರಲ್ಲ, ಅದರ ಎದುರ್ಗೇ ನೇತಾಕಿ." ಅವರ ಸೆರಗು ಈಗ ಕಣ್ಣಿನ ಬದಲು ಬಾಯಿಯ ಮೇಲಿತ್ತು.

ಬಸ್ಸಿನಲ್ಲಿ ಗಿರಿ ಫೋಟೋವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದ. ಪಕ್ಕದ ಸೀಟಿನ ಹೆಂಗಸಿಗೆ ಕತೆಯೆಲ್ಲ ಹೇಳಿ ಮುಗಿಸಿದ ಅರ್ಚನ ಅದನ್ನು ಕಿತ್ತುಕೊಂಡು, ಪೇಪರು ಬಿಚ್ಚಿ ನೆಟ್ಟಗೆ ಹಿಡಿದಳು.

"ಅಪ್ಪನ್ನ ಯಾರಾದ್ರೂ ಬೋರಲಾಕ್ತಾರೇನ್ರೀ? ಕೈಮುಗೀರಿ ಮೊದ್ಲು" ಎಂದಳು.

ಗಿರಿ ಬಸ್ಸಿನವರೆಲ್ಲರ ಜೊತೆ ಕೈಮುಗಿದ.